ಡ್ರೋನ್ ಕಾಲದ ವಾಯು ರಕ್ಷಣೆ: ಹಳೆ ಫಿರಂಗಿಗೆ ಹೊಸ ಕಣ್ಣು

2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆಗಳಲ್ಲಿ ಸುಮಾರು 300ರಿಂದ 400 ಡ್ರೋನ್ ಹಾರಿಸಿತು ಎಂದು ಕೇಂದ್ರ ಸರಕಾರ ತಿಳಿಸಿತ್ತು. ಅವುಗಳನ್ನು ಹೊಡೆದುರುಳಿಸಲು ಬಳಸಿದ್ದರಲ್ಲಿ ಎಲ್-70 ಕೂಡಾ ಒಂದು. ಇದು ಸ್ವೀಡನ್‌ನ ಬೋಫೋರ್ಸ್ ಕಂಪೆನಿಯ 40 ಮಿ.ಮೀ. ಫಿರಂಗಿ, 1960ರ ದಶಕದಲ್ಲಿ ನಮ್ಮ ಸೇನೆಗೆ ಬಂದದ್ದು. ಗುಜರಿಗೆ ಹೋಗಬೇಕಿದ್ದ ವಯಸ್ಸಿನಲ್ಲಿ ಅದು ಮತ್ತೆ ಕೆಲಸಕ್ಕೆ ಬಂದದ್ದು ಹೇಗೆ?

ಕಬ್ಬಿಣ ಹಳೆಯದೇ. ಬದಲಾದದ್ದು ಕಣ್ಣು ಮತ್ತು ಕುತ್ತಿಗೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಇದಕ್ಕೆ ಹಗಲಿನ ಕ್ಯಾಮೆರಾ, ಕತ್ತಲಲ್ಲಿ ಶಾಖ ಗುರುತಿಸುವ ಥರ್ಮಲ್ ಕ್ಯಾಮೆರಾ, ದೂರ ಅಳೆಯುವ ಲೇಸರ್, ಫಿರಂಗಿಯನ್ನು ತಿರುಗಿಸಲು ವಿದ್ಯುತ್ ಮೋಟಾರು ಜೋಡಿಸಿತು. ಒಮ್ಮೆ ಗುರಿ ಸಿಕ್ಕರೆ ಕಂಪ್ಯೂಟರೇ ಅದರ ಬೆನ್ನು ಹತ್ತುತ್ತದೆ. ಯಾವ ಗುರಿಯನ್ನು ಯಾರು ಹೊಡೆಯಬೇಕು ಎಂಬ ಗೊಂದಲ ತಪ್ಪಿಸಲು 'ಆಕಾಶ್‌ತೀರ್' ಜಾಲವಿದೆ. ಹಲವು ರಾಡಾರ್‌ಗಳಿಗೆ ಕಂಡದ್ದನ್ನು ಅದು ಒಂದೇ ಪರದೆಗೆ ತರುತ್ತದೆ. ಬಿಇಎಲ್‌ಗೆ ಇದರ ಗುತ್ತಿಗೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ಮೊತ್ತ ಸುಮಾರು 1,982 ಕೋಟಿ ರೂಪಾಯಿ.

ಹಳೆಯದನ್ನೇ ಯಾಕೆ ರಿಪೇರಿ ಮಾಡಬೇಕು ಅಂತ ಕೇಳಬಹುದು. ಅಂಗಡಿ ನಡೆಸುವವರಿಗೆ ಉತ್ತರ ಬೇಗ ಹೊಳೆಯುತ್ತದೆ. ಉಕ್ರೇನ್ ಮೇಲೆ ಬೀಳುವ ಶಾಹೆದ್ ಡ್ರೋನ್ ಒಂದಕ್ಕೆ 20ರಿಂದ 50 ಸಾವಿರ ಡಾಲರ್ ಎಂಬ ಅಂದಾಜಿದೆ. ಅದನ್ನು ಹೊಡೆಯಲು ಪೇಟ್ರಿಯಟ್ ಕ್ಷಿಪಣಿ ಬಿಟ್ಟರೆ ಒಂದಕ್ಕೇ ಸುಮಾರು 40 ಲಕ್ಷ ಡಾಲರ್. ಡ್ರೋನ್ ಬಿದ್ದರೂ ನಷ್ಟ ಹೊಡೆದವನಿಗೇ! ಈ ವ್ಯಾಪಾರ ಎಷ್ಟು ದಿನ ನಡೆದೀತು?

ಆದ್ದರಿಂದ ಉಕ್ರೇನಿನವರು ಕೈಗೆ ಸಿಕ್ಕಿದ್ದನ್ನೆಲ್ಲ ಬಳಸಿದರು. ಕಂಬಗಳ ಮೇಲೆ ಮೊಬೈಲ್ ಫೋನಿನ ಮೈಕ್ ಕಟ್ಟಿ, ಡ್ರೋನ್ ಎಂಜಿನ್ನಿನ ಸದ್ದಿನಿಂದಲೇ ಅದರ ದಾರಿ ಪತ್ತೆಹಚ್ಚುವ ಜಾಲ ಮಾಡಿದರು. ಒಂದಕ್ಕೆ ಖರ್ಚು 400ರಿಂದ 500 ಡಾಲರ್ ಎಂದು 2024ರಲ್ಲಿ ಅಮೆರಿಕದ ವಾಯುಪಡೆ ಅಧಿಕಾರಿಗಳೇ ಹೇಳಿದ್ದರು. ಸೋವಿಯತ್ ಕಾಲದ ಬುಕ್ ಲಾಂಚರ್‌ನಿಂದ ಅಮೆರಿಕದ ಸೀ ಸ್ಪ್ಯಾರೋ ಕ್ಷಿಪಣಿ ಹಾರಿಸಿದರು. ಸಣ್ಣ ಡ್ರೋನ್‌ಗಳು ಸಿಕ್ಕಿಬೀಳಲೆಂದು ರಸ್ತೆಗಳ ಮೇಲೆ ಮೀನಿನ ಬಲೆ ಹಾಸಿದರು. ಫ್ರಾನ್ಸಿನ ಮೀನುಗಾರರು ಹಳೆ ಬಲೆ ಕಳಿಸಿಕೊಟ್ಟದ್ದೂ ಉಂಟು. ಬಂದರಿನಲ್ಲಿ ಬಲೆ ಹೊಲಿಯುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಇದರ ಗಟ್ಟಿತನ ಹೇಳಬೇಕಿಲ್ಲ.

ಹಾಗಂತ ಅಗ್ಗದ ಉಪಾಯವೇ ಎಲ್ಲಕ್ಕೂ ಸಾಕಾಗಲ್ಲ. ಎಲ್-70 ಗುಂಡು ಪರಿಣಾಮಕಾರಿಯಾಗುವುದು ಮೂರ್ನಾಲ್ಕು ಕಿ.ಮೀ. ಒಳಗೆ ಮಾತ್ರ. ವೇಗದ ವಿಮಾನ, ಕ್ಷಿಪಣಿ ಬಂದರೆ 'ಆಕಾಶ್'ನಂಥ ಕ್ಷಿಪಣಿಯೇ ಬೇಕು. ಆಕಾಶ್‌ಗೆ ದಾರಿ ತೋರುವ 'ರಾಜೇಂದ್ರ' ರಾಡಾರ್ ರೂಪುಗೊಂಡದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯದಲ್ಲಿ. ಮೊದಲ ಪರೀಕ್ಷೆ 1990ರಲ್ಲಿ, ಭೂಸೇನೆಗೆ ಸೇರ್ಪಡೆ 2015ರಲ್ಲಿ. ನಡುವೆ 25 ವರ್ಷ! ಯುದ್ಧ ಶುರುವಾದ ಮೇಲೆ ಅಷ್ಟು ಕಾಯಲು ಯಾರಿಗೂ ಪುರುಸೊತ್ತಿರಲ್ಲ. ಆಗ ಇದ್ದ ಫಿರಂಗಿಗೇ ಕ್ಯಾಮೆರಾ ಕಟ್ಟಬೇಕಾಗುತ್ತದೆ.

ಈ ಕೆಲಸ ಬೆಂಗಳೂರಿಗಷ್ಟೇ ಸೀಮಿತವಲ್ಲ. ಕನ್ನಡ ಮಾತಾಡುವ ಮಡಕಶಿರಾ ಇರುವ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ (ಹಿಂದಿನ ಅನಂತಪುರ) ಪಾಲಸಮುದ್ರದಲ್ಲೂ ಬಿಇಎಲ್ 900ಕ್ಕೂ ಹೆಚ್ಚು ಎಕರೆಯಲ್ಲಿ ರಕ್ಷಣಾ ವ್ಯವಸ್ಥೆಗಳನ್ನು ಜೋಡಿಸುವ ಘಟಕ ಕೈಗೆತ್ತಿಕೊಂಡಿದೆ. ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರು ಗಲ್ಫ್ ವೀಸಾದ ಜೊತೆಗೆ ಬಿಇಎಲ್‌ನ ಅಪ್ರೆಂಟಿಸ್ ಪ್ರಕಟಣೆಗಳ ಮೇಲೂ ಒಂದು ಕಣ್ಣಿಡಬಹುದು.