ಹೊರಗುಳಿದವರ ಲೆಕ್ಕ

ತರಬೇತಿ ಪಡೆದ ನೂರು ಮಂದಿಯಲ್ಲಿ ಅರವತ್ತು ಮಂದಿಗೆ ಕೆಲಸ ಸಿಕ್ಕಿತು ಎಂದು ಇಲಾಖೆಯೊಂದು ವರದಿ ಕೊಟ್ಟರೆ ಯೋಜನೆ ಗೆದ್ದಿತೆಂದೇ ಓದುಗರು ನಂಬುತ್ತಾರೆ. ಆ ಅರವತ್ತರಲ್ಲಿ ಎಷ್ಟು ಮಂದಿಗೆ ತರಬೇತಿ ಇಲ್ಲದೆಯೂ ಕೆಲಸ ಸಿಗುತ್ತಿತ್ತು ಎಂಬುದನ್ನು ವರದಿ ಹೇಳುವುದಿಲ್ಲ. ಶಿಕ್ಷಣ ಮತ್ತು ಉದ್ಯೋಗ ನೀತಿಗಳನ್ನು ಒರೆಗೆ ಹಚ್ಚುವ ಅರ್ಥಶಾಸ್ತ್ರ ಕಳೆದ ಐದು ದಶಕಗಳಲ್ಲಿ ಬೆಳೆದದ್ದು ಈ ಪ್ರಶ್ನೆಯ ಬೆನ್ನು ಹತ್ತಿಯೇ. ಯೋಜನೆಯ ಹೊರಗುಳಿದವರನ್ನು ಸರಿಯಾಗಿ ನೋಡಲು ಕಲಿತಷ್ಟೂ ಈ ಶಾಸ್ತ್ರ ನಂಬಿಕೆಗೆ ಅರ್ಹವಾಗುತ್ತ ಬಂದಿದೆ ಎಂಬುದು ನನ್ನ ವಾದ.

ಅಮೆರಿಕ 1962ರಲ್ಲಿ ಕಾನೂನು ಮಾಡಿ ನಿರುದ್ಯೋಗಿಗಳಿಗೆ ದೊಡ್ಡ ಪ್ರಮಾಣದಲ್ಲಿ ತರಬೇತಿ ಕೊಡತೊಡಗಿತು. ಹೀಗೆ ತರಬೇತಿ ಪಡೆದವರ ವರ್ಷವರ್ಷದ ಗಳಿಕೆಯನ್ನು ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್ ಹರಡಿಕೊಂಡು ನೋಡಿದಾಗ, ತರಬೇತಿಗೆ ಸೇರುವ ಮುಂಚಿನ ವರ್ಷ ಅವರ ಗಳಿಕೆ ಕುಸಿದಿದ್ದದ್ದು ಕಂಡಿತು. 1978ರಲ್ಲಿ ಪ್ರಕಟವಾದ ಈ ಸಂಗತಿ ಚಿಕ್ಕದಲ್ಲ. ಕೆಲಸ ಕಳೆದುಕೊಂಡವರೇ ತರಬೇತಿಗೆ ಬರುತ್ತಾರೆ. ಅವರಲ್ಲಿ ಹಲವರು ಹೇಗಿದ್ದರೂ ಮರುವರ್ಷ ಚೇತರಿಸಿಕೊಳ್ಳುತ್ತಾರೆ. ಮೊದಲು ಮತ್ತು ಆಮೇಲೆ ಎಂದಷ್ಟೇ ಹೋಲಿಸಿದರೆ ಆ ಚೇತರಿಕೆಯೂ ತರಬೇತಿಯ ಖಾತೆಗೇ ಜಮೆಯಾಗುತ್ತದೆ. 1986ರಲ್ಲಿ ರಾಬರ್ಟ್ ಲಾಲೊಂಡ್ ಇನ್ನೂ ಕಠಿಣ ಪರೀಕ್ಷೆ ಒಡ್ಡಿದರು. ಲಾಟರಿಯ ಮೂಲಕ ಜನರನ್ನು ಆರಿಸಿದ್ದ ಯೋಜನೆಯೊಂದರಿಂದ ನಿಜವಾದ ಪರಿಣಾಮ ತಿಳಿದಿತ್ತು. ಲಾಟರಿಯಲ್ಲಿ ಹೊರಗುಳಿದವರನ್ನು ಬದಿಗಿಟ್ಟು, ಅವರ ಜಾಗಕ್ಕೆ ರಾಷ್ಟ್ರೀಯ ಸಮೀಕ್ಷೆಗಳಲ್ಲಿದ್ದ ಜನರನ್ನು ತಂದು, ಅಂದು ಚಾಲ್ತಿಯಲ್ಲಿದ್ದ ಲೆಕ್ಕಾಚಾರಗಳನ್ನೆಲ್ಲ ಹಚ್ಚಿದರು. ಉತ್ತರಗಳು ಅನೇಕ ಬಾರಿ ದಾರಿ ತಪ್ಪಿದವು. ಹೋಲಿಕೆಗೆ ತಕ್ಕ ಜನ ಸಿಗದಿದ್ದರೆ ಗಣಿತ ಎಷ್ಟೇ ಜಾಣತನದ್ದಾದರೂ ಸಾಲದು ಎಂಬುದು ಅಲ್ಲಿಗೆ ಖಚಿತವಾಯಿತು.

ಅಲ್ಲಿಂದ ಮುಂದೆ ಸಂಶೋಧಕರು ಒಂದೋ ಲಾಟರಿಯ ಮೊರೆಹೊಕ್ಕರು, ಇಲ್ಲವೇ ಕಾನೂನು, ಗಡಿ, ವಯೋಮಿತಿಗಳು ತಾವಾಗಿಯೇ ಎಳೆದ ಗೆರೆಗಳನ್ನು ಹುಡುಕಿದರು. 1992ರಲ್ಲಿ ನ್ಯೂಜೆರ್ಸಿ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಪಕ್ಕದ ಪೆನ್ಸಿಲ್ವೇನಿಯಾದ ಹೋಟೆಲುಗಳನ್ನು ಜೊತೆಗಿಟ್ಟು ನೋಡಿದರು. ಕೆಲಸಗಳು ಕಡಿಮೆಯಾದ ಸುಳಿವು ಸಿಗಲಿಲ್ಲ. 1970ರ ದಶಕದಲ್ಲಿ ಇಂಡೊನೇಷ್ಯಾ ಕಟ್ಟಿದ 61 ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಮಕ್ಕಳ ಓದಿನ ವರ್ಷಗಳನ್ನೂ ಮುಂದೆ ಅವರ ಸಂಬಳವನ್ನೂ ಹೆಚ್ಚಿಸಿದವೆಂದು ಎಸ್ತರ್ ಡುಫ್ಲೊ 2001ರಲ್ಲಿ ತೋರಿಸಿದರು. ನಮಗೆ ಹತ್ತಿರದ ಉದಾಹರಣೆ ಬಿಹಾರದ್ದು. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿ ಸೇರಿದ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಕರ್ನಾಟಕದಲ್ಲೂ ಎಂಟನೇ ತರಗತಿಯವರಿಗೆ ಸೈಕಲ್ ಬಂದದ್ದು ಅದೇ ಹೊತ್ತಿನಲ್ಲಿ. ಆಗ ಬಿಹಾರದ ಆರ್ಥಿಕತೆ ಚುರುಕಾಗಿ ಬೆಳೆಯುತ್ತಿದ್ದುದರಿಂದ ದಾಖಲಾತಿ ಹೇಗೂ ಏರುತ್ತಿತ್ತು. ಹಾಗಾಗಿ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಹುಡುಗಿಯರನ್ನು ಅಲ್ಲಿನ ಹುಡುಗರೊಂದಿಗೆ ಹೋಲಿಸಿ, ಆ ಅಂತರವನ್ನು ಮತ್ತೆ ನೆರೆಯ ಜಾರ್ಖಂಡಿನ ಅಂತರದೊಂದಿಗೆ ತೂಗಿದರು. ಅಷ್ಟು ಸೋಸಿದ ಮೇಲೂ ಹೆಣ್ಣುಮಕ್ಕಳ ದಾಖಲಾತಿ ಶೇ 32ರಷ್ಟು ಹೆಚ್ಚಿತ್ತು. ಹೆಚ್ಚಿದ್ದು ಮುಖ್ಯವಾಗಿ ಹೈಸ್ಕೂಲು ದೂರವಿದ್ದ ಹಳ್ಳಿಗಳಲ್ಲಿ. ಕೆಲಸ ಮಾಡಿದ್ದು ಸೈಕಲ್ಲೇ ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಬಡವರನ್ನು ಲಾಟರಿ ಹಾಕಿ ವಿಂಗಡಿಸುವುದು ಅನ್ಯಾಯ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಹಣ ಎಲ್ಲರಿಗೂ ಸಾಲದಿದ್ದಾಗ ಬೇರೆ ದಾರಿ ಯಾವುದು? ಶಿಫಾರಸು ತಂದವರಿಗೆ ಮೊದಲು ಕೊಡುವುದಕ್ಕಿಂತ ಚೀಟಿ ಎತ್ತುವುದೇ ಮೇಲು. ಸಣ್ಣದರಲ್ಲಿ ಗೆದ್ದದ್ದು ದೊಡ್ಡದರಲ್ಲಿ ಗೆಲ್ಲಲಾರದು ಎಂಬ ಇನ್ನೊಂದು ಆಕ್ಷೇಪವಂತೂ ನಿಜವೇ. ಕೀನ್ಯಾದಲ್ಲಿ ಗುತ್ತಿಗೆ ಶಿಕ್ಷಕರ ನೇಮಕವನ್ನು ಸ್ವಯಂಸೇವಾ ಸಂಸ್ಥೆ ನಡೆಸಿದಾಗ ಮಕ್ಕಳ ಕಲಿಕೆ ಸುಧಾರಿಸಿತು. ಅದನ್ನೇ ಸರ್ಕಾರ ನಡೆಸಿದಾಗ ಫಲ ಕಾಣಲಿಲ್ಲ. ಇದನ್ನು ಬಯಲಿಗೆ ತಂದದ್ದೂ ಅಂಥದೇ ಪ್ರಯೋಗ ಎಂಬುದನ್ನು ಮರೆಯಬಾರದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಿರುವು ಬಂದದ್ದು ಈಚೆಗೆ. ಅಲ್ಲಿಯವರೆಗೆ ಹೊರಗುಳಿದವರು ಬರೀ ಅಳತೆಗೋಲಾಗಿದ್ದರು. ಯೋಜನೆ ಅವರನ್ನೂ ತಟ್ಟುತ್ತದೆ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಫ್ರಾನ್ಸಿನಲ್ಲಿ ವಿದ್ಯಾವಂತ ನಿರುದ್ಯೋಗಿ ಯುವಜನರಿಗೆ ಕೆಲಸ ಹುಡುಕಿಕೊಡುವ ಯೋಜನೆಯನ್ನು ಊರೂರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಂಚಿ ಪರೀಕ್ಷಿಸಿದ 2013ರ ಅಧ್ಯಯನ, ನೆರವು ಪಡೆದವರಿಗಾದ ಲಾಭದಲ್ಲಿ ಒಂದು ಪಾಲು ನೆರವು ಪಡೆಯದವರಿಂದ ಕಿತ್ತದ್ದೆಂದು ತೋರಿಸಿತು. ಇದಕ್ಕೆ ವ್ಯತಿರಿಕ್ತವಾದದ್ದು ಆಂಧ್ರದಲ್ಲಿ ಕಂಡಿತು. ಉದ್ಯೋಗ ಖಾತ್ರಿಯ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಪಾವತಿಸುವ ವ್ಯವಸ್ಥೆಯನ್ನು 157 ಮಂಡಲಗಳಲ್ಲಿ ಲಾಟರಿಯ ಕ್ರಮದಲ್ಲಿ ಜಾರಿಗೆ ತಂದಾಗ ಫಲಾನುಭವಿ ಕುಟುಂಬಗಳ ಗಳಿಕೆ ಶೇ 14ರಷ್ಟು ಏರಿತು. ಏರಿದ ಆದಾಯದಲ್ಲಿ ಶೇ 86 ಬಂದದ್ದು ಯೋಜನೆಯ ಹೊರಗಿನ ದುಡಿಮೆಯಿಂದ, ಏಕೆಂದರೆ ಖಾಸಗಿ ಕೂಲಿಯೂ ಕೆಲಸವೂ ಹೆಚ್ಚಿದವು. ಖಾತ್ರಿಯ ಹಾಜರಿ ಪುಸ್ತಕವನ್ನಷ್ಟೇ ನೋಡಿ ಆ ಯೋಜನೆ ದುಂದು ಎಂದು ತೀರ್ಪು ಕೊಡುವವರು ಈ ಅಂಕಿಗೆ ಉತ್ತರಿಸಬೇಕು.

ನಿರುದ್ಯೋಗಿ ಪದವೀಧರರಿಗೆ ಭತ್ಯೆ ಕೊಡುವ ಕರ್ನಾಟಕದ ಯುವನಿಧಿಯಲ್ಲೂ ನಿಯಮವೇ ಎಳೆದ ಇಂಥದೊಂದು ಗೆರೆ ಇದೆ. 2022-23ರಲ್ಲಿ ಪದವಿ ಮುಗಿಸಿ ಕೆಲಸ ಸಿಗದವರಿಂದ ಶುರುವಾಗಿ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ; ಅದರ ಹಿಂದಿನ ವರ್ಷ ಮುಗಿಸಿದವರಿಗೆ ಏನೂ ಇಲ್ಲ. ಈ ಎರಡು ತಂಡಗಳಿಗೆ ಮೊದಲ ಕೆಲಸ ಎಷ್ಟು ತಿಂಗಳಿಗೆ ಸಿಕ್ಕಿತು, ಎಷ್ಟು ಸಂಬಳಕ್ಕೆ, ಓದಿದ್ದಕ್ಕೆ ತಕ್ಕದ್ದೇ ಎಂದು ಕೇಳಬಹುದು. ಕೊರೊನಾದ ನೆರಳು ಎರಡರ ಮೇಲೂ ಸಮನಾಗಿ ಬಿದ್ದಿರಲಾರದು. ಆದ್ದರಿಂದ ನೆರೆರಾಜ್ಯದ ಅದೇ ಎರಡು ವರ್ಷಗಳ ಪದವೀಧರರನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಭತ್ಯೆ ಪಡೆದವರ ಪಟ್ಟಿ ಸರ್ಕಾರದ ಬಳಿ ಇದೆ, ಪಡೆಯದವರ ಪಟ್ಟಿ ವಿಶ್ವವಿದ್ಯಾಲಯಗಳ ದಾಖಲೆಗಳಲ್ಲಿದೆ.