ಫೈಲು ತಲುಪಿತು, ಕನ್ನಡ ತಲುಪಲಿಲ್ಲ

ಮೊನ್ನೆ ಕಪಾಟು ಜೋಡಿಸುವಾಗ ಹಳೇ ಸಿಡಿಯೊಂದು ಸಿಕ್ತು. 2004ರಲ್ಲಿ ನಾನು ಟೈಪಿಸಿದ ಕಥೆಗಳು! ಆಗಲೇ ಇದರ ಪ್ರತಿಯೊಂದನ್ನು ಕಣ್ಣು ಕಾಣದ ಗೆಳೆಯನಿಗೆ ಕೊಟ್ಟಿದ್ದೆ. "ಮಾರಾಯ, ನಿನ್ನ ಕಥೆ ಬರೀ ಎಬಿಸಿಡಿ ಬಡಬಡಿಸ್ತಿದೆ" ಅಂದಿದ್ದ. ನಾನು ನಕ್ಕು ಸುಮ್ಮನಾಗಿದ್ದೆ.

ಆಗಿದ್ದೇನು ಅಂದ್ರೆ, ಆ ಕಾಲದ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಚಿತ್ರ ಅಂಟಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಫೈಲು ಹೋದರೆ ಕಾಣೋದು ಬರೀ ಕಸ. ಕಣ್ಣಿದ್ದವರು ಫಾಂಟ್ ಹಾಕಿಕೊಂಡು ಪಾರಾದೆವು. ಆದರೆ ಸ್ಕ್ರೀನ್ ರೀಡರ್ ಓದೋದು ಚಿತ್ರವನ್ನಲ್ಲ, ಅದರ ಹಿಂದಿನ ಸಂಕೇತವನ್ನು. ಹಾಗಾಗಿ ಫಾಂಟ್ ಹಾಕಿದರೂ ಅವನಿಗೆ ಕನ್ನಡ ಸಿಗಲಿಲ್ಲ.

ವಿಪರ್ಯಾಸ ನೋಡಿ... 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನೂ ತಂದಿತ್ತು. ರೂಢಿ ಬಿಡದವನು ನಾನೇ! 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಸ್ವತಃ ಅಂಧರು, ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಶುರು ಮಾಡಿದರು. ಅದರ ಜೊತೆಗೇ ಬರುವ ಈಸ್ಪೀಕ್ ಕನ್ನಡವನ್ನೂ ಉಚ್ಚರಿಸುತ್ತೆ. ದನಿ ಸ್ವಲ್ಪ ಯಾಂತ್ರಿಕ, ಆದರೆ ಓದುತ್ತೆ.

ಕಥೆಗಳನ್ನು ಯೂನಿಕೋಡಿಗೆ ಬದಲಿಸಿ ಕಳಿಸಿದೆ. ರಾತ್ರಿಯೇ ಫೋನ್ ಬಂತು: "ಓದಿದೆ ಕಣೋ. ಇಷ್ಟು ವರ್ಷ ಕಾಯಿಸಿದೆಯಲ್ಲ! ಎರಡನೇ ಕಥೆ ಮಾತ್ರ ಚೆನ್ನಾಗಿಲ್ಲ."

ಇಷ್ಟು ಖುಷಿ ಕೊಟ್ಟ ಟೀಕೆ ನನಗೆ ಬೇರೆ ಬಂದಿಲ್ಲ. ನಿಮ್ಮ ಹಳೇ ಸಿಡಿಗಳಲ್ಲೂ ಇಂಥವು ಇರಬಹುದು, ಒಮ್ಮೆ ತೆಗೆದು ನೋಡ್ತೀರಾ?