ಮೊದಲ ತುತ್ತು ಯಾರಿಗೆ? ಮಾನವಸೇವೆ ಮತ್ತು ಮೂಕಪ್ರಾಣಿ ಸೇವೆ: ಚರಿತ್ರೆಯ ಬೆಳಕಿನಲ್ಲಿ



ದಾನ ಮಾಡಬೇಕೇ ಬೇಡವೇ ಎಂಬ ಪ್ರಶ್ನೆ ನಿಮ್ಮನ್ನು ಬಾಧಿಸುವಂಥದಲ್ಲ. ಮಠದ ಪಂಕ್ತಿಯಲ್ಲಿ ಕುಳಿತು ಉಂಡು, ವಿದ್ಯೆ ಕಲಿತು, ಲೋಕದಲ್ಲಿ ಒಂದು ನೆಲೆಯನ್ನು ಕಂಡುಕೊಂಡವರಿಗೆ ದಾಸೋಹದ ಪಾಠವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಬಾಧಿಸುವ ಪ್ರಶ್ನೆ ಬೇರೆಯದು. ಈಚೆಗೆ ಯಲಹಂಕದ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಮಾತೃಶ್ರೀಯವರ ಸ್ಮರಣಾರ್ಥವಾಗಿ ಸ್ವಲ್ಪ ಹಣವನ್ನು ತೆಗೆದಿರಿಸಿ, ಅದನ್ನು ಎಲ್ಲಿಗೆ ಸಲ್ಲಿಸಬೇಕೆಂದು ತಿಳಿಯದೆ ತೊಳಲಾಡುತ್ತಿದ್ದರು. ಬಡರೋಗಿಗಳ ಅನ್ನ ಔಷಧಗಳಿಗೆ ಕೊಡಬೇಕೆಂದು ಅವರ ಧರ್ಮಪತ್ನಿಯ ಅಭಿಪ್ರಾಯ. ಗಾಯಗೊಂಡ, ಅನಾಥವಾದ ಪ್ರಾಣಿಗಳ ಆಶ್ರಯಕ್ಕೆ ಕೊಡಬೇಕೆಂದು ಮಗನ ಅಭಿಪ್ರಾಯ. "ಮನುಷ್ಯರೇ ಹಸಿದಿರುವಾಗ ದನಕ್ಕೂ ನಾಯಿಗೂ ಏಕೆ?" ಎಂದು ತಾಯಿ ಕೇಳಿದರೆ, "ಮನುಷ್ಯನಿಗೆ ಬಾಯಿದೆ, ಕೇಳಿ ಪಡೆಯುತ್ತಾನೆ, ಮೂಕಪ್ರಾಣಿಗೆ ಯಾರಿದ್ದಾರೆ?" ಎಂದು ಮಗ ಕೇಳಿದನಂತೆ.

ಎರಡು ಮಾತಿನಲ್ಲಿಯೂ ಸತ್ಯವಿದೆ. ಹಾಗೆಂದು "ಎರಡೂ ಒಂದೇ" ಎಂದು ಹೇಳಿ ಕೈತೊಳೆದುಕೊಂಡರೆ ಕೇಳಿದವರಿಗೆ ಉತ್ತರ ದೊರೆತಂತಾಗಲಿಲ್ಲ. ಇದೇ ಪ್ರಶ್ನೆಯನ್ನು ನಮ್ಮ ನಾಡು ಹಿಂದೆ ಅತ್ಯಂತ ಕಠೋರವಾದ ರೂಪದಲ್ಲಿ ಎದುರಿಸಿದೆ. ಆ ಚರಿತ್ರೆಯನ್ನು ಒಮ್ಮೆ ಅವಲೋಕಿಸೋಣ.

ಕಲ್ಲುಗಳು ಹೇಳುವ ಮಾತು

ಹೆಬ್ಬಾಳದಲ್ಲಿ 2018ರಲ್ಲಿ ಒಂದು ಶಾಸನ ಬೆಳಕಿಗೆ ಬಂದಿತು. ಕ್ರಿ.ಶ. 8ನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಈ ವೀರಗಲ್ಲು, ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ ಶತ್ರುಗಳ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನೆಂಬ ವೀರನನ್ನು ಸ್ಮರಿಸುತ್ತದೆ. ತನ್ನ ನಾಡಿನ ಜನಕ್ಕಾಗಿ ಪ್ರಾಣ ತೆತ್ತವನಿಗೆ ನಾಡು ಸಲ್ಲಿಸಿದ ಗೌರವ ಅದು. ಕರ್ನಾಟಕದ ಊರೂರುಗಳಲ್ಲಿ ಮತ್ತೊಂದು ಬಗೆಯ ವೀರಗಲ್ಲುಗಳಿವೆ. ಅವು ತುರುಗೊಳ್ ಕಾಳಗದಲ್ಲಿ, ಎಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಹೋರಾಡಿ, ಮಡಿದವರ ಕಲ್ಲುಗಳು. ಮೂರನೆಯ ಬಗೆಯದೂ ಒಂದಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ಶಾಸನವು ಕಾಳಿ ಎಂಬ ನಾಯಿಯ ಸ್ಮಾರಕ. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಒಡೆಯನು ಮೆಚ್ಚಿ, ಬೇಡಿದುದನ್ನು ಕೊಡುವೆನೆಂದಾಗ ಆ ವೀರನು ಭೂಮಿಯನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಈ ನಾಯಿಯನ್ನು ಕೇಳಿದನು. ಆ ನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಕಟ್ಟಳೆ ಮಾಡಲಾಯಿತು.

ಜನಕ್ಕಾಗಿ ಮಡಿದವನಿಗೊಂದು ಕಲ್ಲು, ದನಕ್ಕಾಗಿ ಮಡಿದವನಿಗೊಂದು ಕಲ್ಲು, ನಾಯಿಗೂ ಒಂದು ಕಲ್ಲು. ಗೌರವ ಸಲ್ಲಿಸುವುದರಲ್ಲಿ ನಮ್ಮ ಪೂರ್ವಿಕರು ಜಿಪುಣರಾಗಿರಲಿಲ್ಲ. ಜನರಿಗೆ ಅರವಟ್ಟಿಗೆ ಇಟ್ಟವರೇ ದನಗಳಿಗೆ ಗೋಕಟ್ಟೆಯನ್ನೂ ಕಟ್ಟಿಸಿದರು. ಆದರೆ ವಾಚಕರೇ, ಕಲ್ಲಿನ ಗೌರವ ಬೇರೆ, ಕಣಜದ ಕಾಳು ಬೇರೆ. ಕಣಜ ತುಂಬಿರುವಾಗ ಎಲ್ಲರಿಗೂ ಕೊಡಬಹುದು. ಕಣಜ ಬರಿದಾದಾಗ ಏನು ಮಾಡಬೇಕು?

ಧಾತು–ಈಶ್ವರ ಸಂವತ್ಸರಗಳ ಬರ

ಆ ದಿನವೂ ಬಂದಿತು. 1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಮುಂಗಾರು ಸಕಾಲಕ್ಕೆ ಬರಲಿಲ್ಲ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರೇ ಜನರ ನಾಲಗೆಯ ಮೇಲೆ ಬರಗಾಲದ ಹೆಸರಾಗಿ ನಿಂತಿತು. ಮೈಸೂರು ಸಂಸ್ಥಾನ ಅಂದು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಕೆರೆಯ ನೀರನ್ನು ನಂಬಿದ್ದ ಪೂರ್ವಭಾಗದ ಮೈದಾನ ಸೀಮೆಗೆ ಬಿದ್ದ ಪೆಟ್ಟು ಬಹಳ ದೊಡ್ಡದು. ಬೆಂಗಳೂರು ಜಿಲ್ಲೆಯೂ ಅದರಿಂದ ಪಾರಾಗಲಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. 1881ರಲ್ಲಿ ಅದು 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು 8,69,224 ಮಂದಿಯಷ್ಟು ಕುಗ್ಗಿತು.

ಇಂಥ ಸಂದರ್ಭದಲ್ಲಿ ಮೊದಲ ತುತ್ತು ಯಾರಿಗೆ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗಂಜಿ ಕೇಂದ್ರಗಳು ತೆರೆದವು. ಕೈಲಾಗುವವರಿಗೆ ರಸ್ತೆ, ಕೆರೆಗಳ ಕೆಲಸ ಕೊಡಲಾಯಿತು. ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸವೂ ಬರಪರಿಹಾರದ ಕಾಮಗಾರಿಯಾಗಿಯೇ ಆರಂಭವಾಯಿತು. ಆದರೂ ಆ ಗಂಜಿಯನ್ನು ಅಳೆದ ಕೈ ಉದಾರವಾಗಿರಲಿಲ್ಲವೆಂಬುದನ್ನು ಹೇಳಲೇಬೇಕು. ನೆರೆಯ ಮದರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕೆಂದು 1877ರಲ್ಲಿ ಗೊತ್ತುಮಾಡಿದನು. ಅಷ್ಟರಿಂದ ದುಡಿಯುವ ದೇಹ ಉಳಿಯದೆಂದು ಆ ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದನು. ಅಂದು ಮನುಷ್ಯನಿಗೇ ಅನ್ನ ಸಾಲದಾಗಿತ್ತು. ದನಕ್ಕೆ ಮೇವಿನ ಮಾತು ಎಲ್ಲಿಂದ ಬರಬೇಕು?

ಆದರೆ ಇಲ್ಲಿಯೇ ಗಮನಿಸಬೇಕಾದ ಸಂಗತಿಯಿದೆ. ಬರ ಬಂದಾಗ ರೈತನ ಮನೆಯಲ್ಲಿ ನಡೆಯುವ ಕ್ರಮವನ್ನು ನಿಮ್ಮಲ್ಲಿ ಹಳ್ಳಿಯ ಹಿನ್ನೆಲೆಯವರು ಬಲ್ಲಿರಿ. ಮೊದಲು ಕಣಜ ಬರಿದಾಗುತ್ತದೆ. ಅನಂತರ ಹುಲ್ಲಿನ ಬಣವೆ ಕರಗುತ್ತದೆ. ಮನೆಗೆ ಹೊದಿಸಿದ ಹುಲ್ಲನ್ನೂ ಎಳೆದು ಎತ್ತಿಗೆ ಹಾಕುತ್ತಾರೆ. ಕೊನೆಗೆ ಎತ್ತನ್ನು ಸಂತೆಗೆ ಹೊಡೆಯುತ್ತಾರೆ. ಎಲ್ಲರೂ ಮಾರುವ ದಿನ ಕೊಳ್ಳುವವರಿರುವುದಿಲ್ಲ. ಎತ್ತು ಮಣ್ಣಿನ ಬೆಲೆಗೆ ಹೋಗುತ್ತದೆ, ಇಲ್ಲವೇ ಕೊಟ್ಟಿಗೆಯಲ್ಲಿಯೇ ಒರಗುತ್ತದೆ. ಮುಂದೆ ಮಳೆ ಬಂದಾಗ ಎಲ್ಲರೂ ಕೊಳ್ಳಬೇಕು, ಮಾರುವವರಿಲ್ಲ. 1877ರ ಕೊನೆಯ ಭಾಗದಲ್ಲಿ ಮಳೆ ಬಂದಾಗ ನಡೆದದ್ದು ಇದೇ. ಆಕಾಶ ಒಲಿದಿತ್ತು, ನೆಲ ಹದವಾಗಿತ್ತು. ಆದರೆ ನೊಗಕ್ಕೆ ಕೊರಳಿರಲಿಲ್ಲ. ಗಂಜಿ ಕುಡಿದು ಬದುಕಿದವನು ಉಳುವ ಎತ್ತಿಲ್ಲದೆ ಮತ್ತೆ ಗಂಜಿಯ ಸಾಲಿನಲ್ಲಿಯೇ ನಿಲ್ಲಬೇಕಾಗುವ ಸ್ಥಿತಿ ಬಂದಿತು.

ಆಗ ಲಂಡನ್ನಿನ ಮೇಯರರು ಮ್ಯಾನ್ಷನ್ ಹೌಸಿನಲ್ಲಿ ತೆರೆದ ಧರ್ಮನಿಧಿ ನೆರವಿಗೆ ಬಂದಿತು. ಇಂಗ್ಲೆಂಡಿನ ಸಾಮಾನ್ಯ ಜನರೂ ಆ ನಿಧಿಗೆ ಹಣ ನೀಡಿದ್ದರು. ಮದರಾಸಿನಲ್ಲಿದ್ದ ಸಮಿತಿಗೆ ವಿಲಿಯಂ ಡಿಗ್ಬಿ ಎಂಬ ಪತ್ರಿಕಾಸಂಪಾದಕನು ಕಾರ್ಯದರ್ಶಿಯಾಗಿದ್ದನು. ಹಸಿದವರಿಗಾಗಿ ಕೂಡಿದ ಈ ಹಣದಲ್ಲಿ ಒಂದು ಪಾಲನ್ನು ಬರಗೆಟ್ಟ ರೈತರಿಗೆ ಬಿತ್ತನೆ ಬೀಜ, ಮನೆಯ ಹೊದಿಕೆ ಮತ್ತು ಉಳುವ ಎತ್ತುಗಳನ್ನು ಒದಗಿಸುವುದಕ್ಕಾಗಿ ವೆಚ್ಚ ಮಾಡಲಾಯಿತು. ಕೊಟ್ಟವರು ಮನುಷ್ಯರ ಪ್ರಾಣರಕ್ಷಣೆಗೆಂದು ಕೊಟ್ಟರು. ಆ ಹಣ ಎತ್ತಿನ ರೂಪದಲ್ಲಿ ರೈತನ ಅಂಗಳಕ್ಕೆ ಬಂದಿತು. ಇದು ದಾನದ ದುರುಪಯೋಗವೇ? ಖಂಡಿತವಾಗಿ ಅಲ್ಲ. ಗಂಜಿ ಒಂದು ದಿನದ ಹಸಿವನ್ನು ನೀಗಿತು. ಎತ್ತು ಮುಂದಿನ ವರ್ಷದ ಹಸಿವನ್ನು ತಡೆಯಿತು.

ಹೆಬ್ಬಾಳದ ನೆಲದ ಪಾಠ

ಈ ಪಾಠವನ್ನು ಮೈಸೂರು ಮರೆಯಲಿಲ್ಲ. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿಸಂಶೋಧನೆಗೆಂದು ನೀಡಿದರು. ಡಾಕ್ಟರ್ ಲೇಮನ್ನರು ಅಲ್ಲಿ ಪ್ರಯೋಗಕ್ಷೇತ್ರವನ್ನು ಆರಂಭಿಸಿದರು. ಇಂದಿನ ಕೃಷಿ ವಿಶ್ವವಿದ್ಯಾನಿಲಯದ ಬೇರು ಇರುವುದು ಆ ನೆಲದಲ್ಲಿ.

ಅದೇ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪಿತವಾಯಿತು. ಅಂದು ದನಗಳಿಗೆ ಮಾರಿಯಾಗಿದ್ದುದು ದೊಡ್ಡರೋಗ. ಬಾಯಿ ಹುಣ್ಣಾಗಿ, ಭೇದಿಯಾಗಿ, ಕೆಲವೇ ದಿನಗಳಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಬರವಿಲ್ಲದ ವರ್ಷದಲ್ಲಿಯೂ ರೈತನನ್ನು ಬರಕ್ಕೆ ತಳ್ಳುತ್ತಿದ್ದ ರೋಗ ಅದು. ಆ ರೋಗದ ವಿರುದ್ಧ ಚುಚ್ಚುವ ಸೀರಂ ಅನ್ನು ನಾಡಿನಲ್ಲಿಯೇ ತಯಾರಿಸಲು ಈ ಸಂಸ್ಥೆ ಹುಟ್ಟಿತು. ರೋಗವನ್ನು ಗೆಲ್ಲುವ ಶಕ್ತಿ ಪಡೆದ ರಾಸುಗಳ ರಕ್ತದಿಂದಲೇ ಸೀರಂ ದೊರೆಯುತ್ತಿತ್ತು ಎಂಬುದನ್ನು ನೆನೆದರೆ, ಒಂದು ಮೂಕಪ್ರಾಣಿಯ ಋಣ ಎಷ್ಟು ಮಂದಿಯ ಮೇಲಿದೆಯೆಂಬುದು ಮನಸ್ಸಿಗೆ ಬರುತ್ತದೆ. ಮುಂದೆ 1954ರಲ್ಲಿ ದೊಡ್ಡರೋಗದ ನಿರ್ಮೂಲನಕ್ಕೆ ರಾಷ್ಟ್ರವ್ಯಾಪಿ ಯೋಜನೆ ಆರಂಭವಾಯಿತು. ಭಾರತದಲ್ಲಿ ಆ ರೋಗ ಕೊನೆಯದಾಗಿ ಕಾಣಿಸಿಕೊಂಡದ್ದು 1995ರಲ್ಲಿ. 2011ರಲ್ಲಿ ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ಬಳಿಕ ಹೀಗೆ ಸಂಪೂರ್ಣವಾಗಿ ಅಳಿದ ರೋಗ ಇದೊಂದೇ. ದನಗಳಿಗಾಗಿ ವೆಚ್ಚವಾದ ಆ ಹಣದಿಂದ ಎಷ್ಟು ಮನುಷ್ಯರ ಅನ್ನ ಉಳಿಯಿತೆಂದು ಲೆಕ್ಕ ಹಾಕುವವರು ಯಾರು?

ಉಪಯೋಗದ ಆಚೆಗೆ

ಇಷ್ಟಕ್ಕೆ ಮುಗಿಸಿದರೆ ವಾದ ಸುಲಭ. ಆದರೆ ನಿವೃತ್ತ ಉಪಾಧ್ಯಾಯರ ಮಗ ಕೇಳಿದ್ದು ಉಳುವ ಎತ್ತಿನ ಮಾತನ್ನಲ್ಲ. ಹೆಬ್ಬಾಳದ ಗದ್ದೆಗಳ ಮೇಲೆ ಇಂದು ಮೇಲುಸೇತುವೆಗಳಿವೆ. ಯಲಹಂಕದ ಸುತ್ತ ನೊಗ ಹೂಡುವ ದೃಶ್ಯ ಅಪರೂಪ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ತಮ್ಮ ಮುಪ್ಪಿನಲ್ಲಿ ಬೆಂಗಳೂರಿಗೆ ಬಂದು, 1991ರಲ್ಲಿ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಸ್ಥಾಪಿಸಿದರು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದಲ್ಲಿ ಆ ಸಂಸ್ಥೆ ನೆಲೆ ಕಂಡಿತು. ಇಂಥ ಆಶ್ರಯಗಳಿಗೆ ಬರುವುದು ವಾಹನಕ್ಕೆ ಸಿಕ್ಕಿ ಕಾಲು ಮುರಿದ ನಾಯಿ, ಯಾರೂ ಬಯಸದ ಮುದಿ ಎತ್ತು. ಅವು ಉಳುವುದಿಲ್ಲ, ಕರೆಯುವುದಿಲ್ಲ. ಬೀದಿನಾಯಿಗಳಿಗೆ ಚುಚ್ಚುಮದ್ದು ಹಾಕಿದರೆ ಹುಚ್ಚುನಾಯಿ ರೋಗದಿಂದ ಮಕ್ಕಳು ಪಾರಾಗುತ್ತಾರೆಂಬುದು ನಿಜ. ಆದರೆ ಕಾಲು ಮುರಿದ ನಾಯಿಗೆ ಪಟ್ಟಿ ಕಟ್ಟುವುದರಿಂದ ನಮಗೇನೂ ಲಾಭವಿಲ್ಲ. ಅಲ್ಲಿ ಉಳಿಯುವುದು ದಯೆ ಒಂದೇ.

ಗೋವುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಕೊರಗುವುವೆಂದು ಅವುಗಳನ್ನೂ ಹಿಂದೆಯೇ ಕಳುಹಿಸಿಕೊಟ್ಟ ಬಸವಣ್ಣನವರ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಅಣ್ಣನವರಿಗೆ ಆ ಕರುಗಳಿಂದ ಬರಬೇಕಾದ ಲಾಭವಿರಲಿಲ್ಲ. ಕಳ್ಳನ ಹಸಿವನ್ನೂ ಕರುವಿನ ಹಸಿವನ್ನೂ ಅವರು ಒಂದೇ ನೋಟದಲ್ಲಿ ಕಂಡರು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಸಾಂಕ್ರಾಮಿಕದ ಕಾರಣ ಊರಿಗೆ ಊರೇ ಬಾಗಿಲು ಹಾಕಿದಾಗ ಇದೇ ದೃಶ್ಯ ನಮ್ಮ ಕಣ್ಣ ಮುಂದೆ ನಿಂತಿತು. ಕೂಲಿಯಿಲ್ಲದ ಕಾರ್ಮಿಕರು ಹಸಿದರು. ಹೋಟೆಲುಗಳು ಮುಚ್ಚಿದ್ದರಿಂದ ಅವುಗಳ ಎಂಜಲನ್ನೇ ನಂಬಿದ್ದ ನಾಯಿಗಳೂ ಹಸಿದವು. ಎರಡೂ ಹಸಿವಿಗೆ ಕಾರಣ ಒಂದೇ ಆಗಿತ್ತು.

ನಿರ್ಣಯ

ಹಾಗಾದರೆ ಕೊಡುವವನು ಹೇಗೆ ನಿರ್ಣಯಿಸಬೇಕು? ಚರಿತ್ರೆಯಿಂದ ನಾಲ್ಕು ಮಾತುಗಳನ್ನು ಹೆಕ್ಕಬಹುದು. ಮೊದಲನೆಯದು, ಮನುಷ್ಯನ ಪ್ರಾಣವೇ ಹೋಗುತ್ತಿರುವಾಗ ಮೊದಲ ತುತ್ತು ಮನುಷ್ಯನಿಗೆ; ಇದರಲ್ಲಿ ಅಳುಕಬೇಕಾಗಿಲ್ಲ. ಎರಡನೆಯದು, ಗಂಜಿಯಲ್ಲಿಗೆ ದೃಷ್ಟಿಯನ್ನು ನಿಲ್ಲಿಸಬಾರದು. ಬದುಕಿದವನು ನಾಳೆ ಯಾವುದರಿಂದ ಬದುಕುತ್ತಾನೆಂದು ನೋಡಬೇಕು. ಇಂದಿಗೂ ಎರಡು ಹಸು ಕಟ್ಟಿ ಹಾಲು ಮಾರುವ ವಿಧವೆಗೆ ಆ ಹಸುವಿನ ಮೇವೇ ಪರಿಹಾರ. ಮೂರನೆಯದು, ಎಲ್ಲರೂ ಕೊಡುತ್ತಿರುವ ಕಡೆಗಿಂತ ಯಾರೂ ಕೊಡದಿರುವ ಕಡೆ ಸಣ್ಣ ಹಣವೂ ದೊಡ್ಡದಾಗುತ್ತದೆ. ನಾಲ್ಕನೆಯದು, ಆಶ್ರಯ ಕೊಟ್ಟ ಜೀವ ಪ್ರತಿದಿನವೂ ಉಣ್ಣುತ್ತದೆ. ಬೇರೆಡೆ ವಿಪತ್ತು ಬಂದಿತೆಂದು ಅದರ ಪಾಲನ್ನು ಪೂರ್ತಿ ಕಿತ್ತುಕೊಳ್ಳುವುದು ಧರ್ಮವಲ್ಲ. ಪಾಲು ಚಿಕ್ಕದಾಗಬಹುದು, ಇಲ್ಲವಾಗಬಾರದು.

ಇದನ್ನು ಆ ಉಪಾಧ್ಯಾಯರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಾಯಿಯವರ ಒಂದು ಅಭ್ಯಾಸವನ್ನು ನೆನಪಿಸಿಕೊಂಡರು. ಆ ತಾಯಿ ಮಕ್ಕಳಿಗೆ ಬಡಿಸದೆ ದನಕ್ಕೆ ಎಂದೂ ಹಾಕಿದವರಲ್ಲ. ಆದರೆ ಎಂಥ ಕಷ್ಟದ ವರ್ಷದಲ್ಲಿಯೂ ಅಕ್ಕಿ ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲಿದವರೂ ಅಲ್ಲ. ಕಲಗಚ್ಚಿನ ಬಾನಿ ಒಂದು ದಿನವೂ ಬರಿದಾಗಿರಲಿಲ್ಲವಂತೆ.

ಅವರ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ದೊಡ್ಡ ಪಾಲು ಬಡರೋಗಿಗಳ ಅನ್ನಕ್ಕೆ ಹೋಯಿತು. ಚಿಕ್ಕ ಪಾಲನ್ನು ವರ್ಷವರ್ಷವೂ ತಪ್ಪದೆ ಪ್ರಾಣಿಗಳ ಆಶ್ರಯಕ್ಕೆ ಕಳುಹಿಸುವಂತೆ ಮಗನಿಗೆ ವಹಿಸಿದರು. ವಾಚಕರೇ, ನಿಮ್ಮ ನಿಮ್ಮ ಮನೆಯ ಹಿರಿಯರೂ ಇಂಥದೇ ಒಂದು ಕ್ರಮವನ್ನು ನಡೆಸಿಕೊಂಡು ಬಂದಿರಬಹುದು. ಕೊಡುವ ಮೊದಲು ಅದನ್ನೊಮ್ಮೆ ನೆನೆಯಿರಿ.